ಅಂಗೈ ತೀರ್ಪು

ಆ ಗ್ಯಾರೇಜಿನಲ್ಲಿ ಅಪ್ಪನ ಅಂಗೈ ಹೇಳಿದ ಮೇಲೆ ಎರಡು ಮಾತಿರಲಿಲ್ಲ. ಕಾರಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಡುತ್ತಿದ್ದ. ಒಂದೇ ಸಲ ಎದ್ದು ನಿಂತರೆ ಸ್ಪ್ರಿಂಗಿನ ಕುಣಿತ ಹಿಡಿಯುವ ಶಾಕ್ ಅಬ್ಸಾರ್ಬರ್ ಗಟ್ಟಿ, ತೂಗಾಡಿದರೆ ಆ ಶಾಕು ಗುಜರಿಗೆ. ಕಣ್ಣು ಮಂಜಾಗಿ ಸ್ಪ್ಯಾನರಿನ ನಂಬರೂ ಕಾಣದಂತಾದ ಮೇಲೆ ಅವನಿಗೆ ಉಳಿದಿದ್ದ ಮರ್ಯಾದೆ ಅದೊಂದೇ. ಗ್ಯಾರೇಜು ಈಗ ಮಗಳ ಕೈಯಲ್ಲಿತ್ತು, ನಿಜ. ಆದರೂ ಶಾಕಿನ ವಿಷಯ ಬಂತೆಂದರೆ ಅಪ್ಪ ಕುರ್ಚಿ ಬಿಟ್ಟು ಏಳಲೇಬೇಕು, ಅದುಮಲೇಬೇಕು.

ಅವಳ ತಮ್ಮ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದ. ತಂದವನು ಸುಮ್ಮನಿದ್ದಾನೆಯೇ? ಅದು ನೆಲಕ್ಕೆ ತಗ್ಗಿ ನಿಲ್ಲಬೇಕೆಂದು ಗಿಡ್ಡ, ಬಿರುಸು ಸ್ಪ್ರಿಂಗು ತರಿಸಿದ. ಸ್ಪ್ರಿಂಗು ಗಿಡ್ಡವಾದರೆ ಶಾಕೂ ಗಿಡ್ಡವಿರಬೇಕು. ಸ್ಪ್ರಿಂಗು ಬಿರುಸಾದರೆ ಅದರ ಕುಣಿತವನ್ನು ಹಿಡಿಯಲು ಶಾಕೂ ಅಷ್ಟೇ ಬಿಗಿಯಿರಬೇಕು. ಅಕ್ಕ ಅಂಥದ್ದಕ್ಕೆ ಹೇಳಿಟ್ಟಿದ್ದಳು. ಇನ್ನೂ ಬಂದಿರಲಿಲ್ಲ.

"ಭಾನುವಾರ ಹೆಂಡ್ತಿನ ಅವಳ ತವರಿಂದ ಕರ್ಕೊಂಡು ಬರ್ಬೇಕು ಕಣೇ ಅಕ್ಕಾ. ಸದ್ಯಕ್ಕೆ ಹಳೇ ಶಾಕೇ ಇರ್ಲಿ ಬಿಡು."

"ನಿನ್ನ ತಲೆ! ಬಸ್ಸಲ್ಲಿ ಹೋಗು."

ಅಳತೆ ನೋಡಲೆಂದು ಅವಳು ಹಳೆ ಶಾಕಿಗೇ ಹೊಸ ಸ್ಪ್ರಿಂಗು ಕೂರಿಸಿ ಕಾರನ್ನು ನೆಲಕ್ಕಿಳಿಸಿದ್ದಳು. ಜಗಳ ಕೇಳಿಸಿದ್ದೇ ತಡ, ಅಪ್ಪ ತಡವರಿಸುತ್ತ ಬಂದು ಮೂಲೆ ಅದುಮಿದ. ಕಾರು ಚೂರೇ ಚೂರು ತಗ್ಗಿ ನಿಂತಿತು.

"ಎಲ್ಲಿ ತೂಗಾಡ್ತಿದೆ? ಶಾಕು ಕಲ್ಲುಗುಂಡಿನ ಹಾಗಿದೆ!"

ಅವಳಿಗೆ ಗೊತ್ತಿತ್ತು. ಬಿರುಸು ಸ್ಪ್ರಿಂಗು ಮುದುಕನ ಕೈಗೆ ಬಗ್ಗಿರಲೇ ಇಲ್ಲ, ಇನ್ನು ಶಾಕಿನ ಬಣ್ಣ ಬಯಲಾಗುವುದೆಲ್ಲಿ? ಹಿಂಬದಿಯ ಶಾಕೊಂದರಲ್ಲಿ ಎಣ್ಣೆ ಬೇರೆ ಜಿನುಗುತ್ತಿತ್ತು.

"ಅಪ್ಪಾ, ಈ ಸ್ಪ್ರಿಂಗಿಗೆ ಕೈ ಲೆಕ್ಕ..."

"ನಂಗೇ ಹೇಳ್ಕೊಡ್ತೀಯಾ?" ಅಪ್ಪನ ದನಿ ನಡುಗಿತು. "ಕಣ್ಣು ಹೋಯ್ತು. ಕೈನೂ ಹೋಯ್ತು ಅಂದ್ಬಿಡು, ಮುಗೀಲಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ಜಗಳವಾಡಬಹುದು. ಅಳುವ ಹಾಗೆ ನಿಂತ ಅಪ್ಪನ ಜೊತೆ ಹೇಗೆ ಆಡುವುದು? ಅವಳು ಬಾಯಿಗೆ ಬೀಗ ಹಾಕಿಕೊಂಡು ಉಳಿದ ನಟ್ಟುಗಳನ್ನೂ ಬಿಗಿದಳು. ತಮ್ಮನಿಗೆ "ನಿಧಾನ ಹೋಗೋ" ಎಂದಳು, ಅಷ್ಟೇ.

ಅವನು ನಿಧಾನವಾಗಿಯೇ ಹೋದ, ಪಾಪ. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಕಣ್ಣಾರೆ ಕಂಡದ್ದು: ಸೇತುವೆಯ ಉಬ್ಬಿನ ಮೇಲೆ ಕಾರು ಎದ್ದಿತು, ಇಳಿದ ಮೇಲೂ ಕುಣಿತ ನಿಲ್ಲಲಿಲ್ಲ. ಪುಟಿದು, ಮತ್ತೆ ಪುಟಿದು, ಹಿಂಬದಿ ಜಾರಿ, ತಡೆಗೋಡೆ ಒಡೆದುಕೊಂಡು ಕಾಲುವೆಗೆ ಬಿತ್ತು. ಅದನ್ನವನು ಬಂದು ಹೇಳಿದ್ದು ಅಕ್ಕನಿಗೆ ಮಾತ್ರ.

ಮನೆ ತುಂಬ ಜನ. ಬಂದವರಿಗೆಲ್ಲ ಅಪ್ಪನದು ಒಂದೇ ಮಾತು. "ಗಾಡಿ ಸರಿಯಾಗಿತ್ತು. ನಾನೇ ಕೈಯಿಟ್ಟು ನೋಡಿದ್ದೆ. ಹುಡುಗು ಬುದ್ಧಿ, ಜೋರಾಗಿ ಓಡಿಸ್ಬಿಟ್ಟ." ಜನರೂ ಹೌದು ಹೌದೆಂದು ತಲೆಯಾಡಿಸಿದರು. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ?

ಸಂಜೆ ಜನ ಕರಗಿದ ಮೇಲೆ ತಮ್ಮನ ಹೆಂಡತಿ ಮೊದಲ ಸಲ ಬಾಯಿಬಿಟ್ಟಳು.

"ಮಾವ, ಅಷ್ಟು ಜೋರಾಗಿ ಹೋಗುವಾಗ ಅವರಿಗೆ ನನ್ನ ನೆನಪೇ ಬರ್ಲಿಲ್ವಾ?"

ಅಕ್ಕ ಎದ್ದು ಅವಳ ಪಕ್ಕಕ್ಕೆ ಬಂದಳು.

"ಜೋರಾಗಿ ಹೋಗ್ಲಿಲ್ಲ ಕಣಮ್ಮ," ಎಂದು ಅವಳನ್ನು ತಬ್ಬಿಕೊಂಡಳು. "ವ್ಯಾನಿನವನೇ ಹೇಳ್ದ. ನಿನ್ನ ಗಂಡನ ತಪ್ಪು ಒಂದಿಷ್ಟೂ ಇಲ್ಲ. ಆ ಸ್ಪ್ರಿಂಗಿಗೆ ಆ ಶಾಕು ಹೊಂದ್ತಾನೇ ಇರ್ಲಿಲ್ಲ. ಒಂದು ಶಾಕು ಎಣ್ಣೇನೂ ಕಾರ್ತಿತ್ತು. ಅಪ್ಪಾ, ಬಿರುಸು ಸ್ಪ್ರಿಂಗು ಕೈಗೆ ಬಗ್ಗಲ್ಲ. ಕೈಗೆ ಗೊತ್ತಾಗಲ್ಲ."

ಹುಡುಗಿ ಅವಳ ಭುಜಕ್ಕೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಮಗಳ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ನಂಗೆ ಕಾಣ್ಲಿಲ್ಲ," ಎಂದ. "ನಿಂಗೆ ಕಾಣ್ತಿತ್ತಲ್ಲಮ್ಮ?"

"ಕಾಣ್ತಿತ್ತು."

ಅಳು ನಿಂತಿತು. ತಮ್ಮನ ಹೆಂಡತಿ ಭುಜದಿಂದ ತಲೆಯೆತ್ತಿ ಅವಳನ್ನು ನೋಡಿದಳು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.