ನಾಲ್ಕನೆಯ ದಾರ

"ಟಿಕ್."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಟಿಕ್." ಉಗುರಿನಿಂದ ಬಾಗಿಲು ತಟ್ಟಿದಷ್ಟು ಸಣ್ಣ ಸದ್ದು. ಗಾಳಿಪಟ ರಿಪೇರಿಯವಳು ಕತ್ತಲಲ್ಲಿ ಕಣ್ಣು ಬಿಟ್ಟಳು. ನಲ್ಲಿಯದಲ್ಲ, ನಲ್ಲಿಯನ್ನು ಮಲಗುವ ಮುಂಚೆ ಮೂರು ಸಲ ತಿರುವಿ ನೋಡಿದ್ದಳು. ಕಿಟಕಿಯ ಕೊಂಡಿಯದೂ ಅಲ್ಲ. ಸದ್ದು ಹಿತ್ತಿಲಿನಿಂದ ಬರುತ್ತಿತ್ತು, ಮಗಳ ಪಟದ ದಾರಗಳನ್ನು ಬಿಗಿದಿಟ್ಟ ಕಡೆಯಿಂದ.

ಅವಳ ಕೈಗೆ ಬರುವ ಪಟಗಳು ಮಕ್ಕಳು ಮಹಡಿಯ ಮೇಲೆ ಹಾರಿಸುವಂಥವಲ್ಲ. ಕೋಣೆಯಷ್ಟು ಅಗಲದವು, ಕಾಲಿಗೆ ಹಲಗೆ ಕಟ್ಟಿಕೊಂಡವರನ್ನು ಸಮುದ್ರದ ಮೇಲೆ ಎಳೆದೊಯ್ಯುವಂಥವು. ಹರಿದ ಬಟ್ಟೆ ಹೊಲಿಯುವುದು, ಹಿಗ್ಗಿದ ದಾರಗಳನ್ನು ಸಮ ಮಾಡುವುದು ಹದಿನಾರು ವರ್ಷಗಳಿಂದ ಅವಳ ಕೆಲಸ. ತಾನು ಮಾತ್ರ ಒಂದು ದಿನವೂ ಪಟ ಹಾರಿಸಿದವಳಲ್ಲ. "ಅಡುಗೆಯವಳು ಉಪವಾಸ ಇದ್ದ ಹಾಗಾಯ್ತು ನಿನ್ನ ಕಥೆ" ಎಂದು ಅತ್ತೆ ನಗುತ್ತಿದ್ದರು.

ಮೂರು ತಿಂಗಳ ಹಿಂದೆ ಒಂದು ಬಿರುಸಾದ ಗಾಳಿ ಮಗಳನ್ನು ನೀರಿನಿಂದೆತ್ತಿ ದಡಕ್ಕೆ ಒಗೆದಿತ್ತು. ಮುರಿದ ಹೆಗಲ ಮೂಳೆ ಈಗ ಕೂಡಿದೆ. ಬೆಳಗಾದರೆ ಮತ್ತೆ ನೀರಿಗಿಳಿಯುತ್ತಾಳೆ. ಅಮ್ಮ ಹಾಕಿದ್ದು ಒಂದೇ ಷರತ್ತು: ಇಪ್ಪತ್ನಾಲ್ಕು ಮೀಟರಿನ ದಾರಗಳನ್ನು ಇಪ್ಪತ್ತಕ್ಕೆ ಇಳಿಸಬೇಕು. ದಾರ ಗಿಡ್ಡವಾದಷ್ಟೂ ಪಟ ಬೀಸಾಡುವ ಜಾಗ ಕಡಿಮೆ, ಎಳೆತ ಕಡಿಮೆ.

"ಇನ್ನೂ ಗಿಡ್ಡ ಮಾಡು. ಸೊಂಟಕ್ಕೇ ಕಟ್ಟಿಬಿಡು ಪಟಾನ," ಎಂದು ಸಂಜೆ ಕೆಲಸದ ಮೇಜಿನ ಬಳಿ ಬಂದು ಮಗಳು ಕೆಣಕಿದ್ದಳು.

"ಕಟ್ತಿದ್ದೆ. ನಿಮ್ಮಜ್ಜಿ ಬಿಡಲಿಲ್ಲ."

"ನೀನು ಒಂದ್ಸಲ ಹಿಡಿದು ನೋಡಮ್ಮ. ಒಂದೇ ಸಲ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

"ನೆಲದ ಮೇಲಿರೋರು ಒಬ್ಬರಾದ್ರೂ ಬೇಕಲ್ಲ ಮನೇಲಿ?"

ಈಗ ಟಾರ್ಚು ಹಿಡಿದು ಹಿತ್ತಿಲಿಗೆ ಬಂದಳು. ನಾಲ್ಕು ದಾರಗಳ ಒಂದು ತುದಿ ಕಬ್ಬಿಣದ ಕಂಬದ ಕೊಕ್ಕೆಯಲ್ಲಿ. ಇನ್ನೊಂದು ತುದಿ ಹಾರಿಸುವವರು ಕೈಯಲ್ಲಿ ಹಿಡಿಯುವ ಅಡ್ಡಕೋಲಿನಲ್ಲಿ. ಕೋಲಿನಿಂದ ಹಗ್ಗವೊಂದು ರಾಟೆ ದಾಟಿ, ನೀರು ತುಂಬಿದ ಎರಡು ಕ್ಯಾನುಗಳನ್ನು ಹೊತ್ತು ನಿಂತಿತ್ತು. ದಾರದ ತುದಿಯ ಹೊಸ ಕುಣಿಕೆಗಳು ರಾತ್ರಿಯಿಡೀ ಭಾರ ಹೊತ್ತರೆ ಕೂತುಕೊಳ್ಳುತ್ತವೆ, ಅದಕ್ಕೆ. ಮೂರು ದಾರಗಳು ತಂತಿಯಂತೆ ಸೆಟೆದಿದ್ದವು. ಎಡತುದಿಯ ನಾಲ್ಕನೆಯದು ಜೋತುಬಿದ್ದು, ಗಾಳಿ ಬಂದಾಗಲೆಲ್ಲ ಪಕ್ಕದ ದಾರಕ್ಕೆ ತಾಗುತ್ತಿತ್ತು. ಟಿಕ್.

ಅದರ ಕುಣಿಕೆಯನ್ನು ಬೆರಳಲ್ಲಿ ಸವರಿದಳು. ನುಣ್ಣಗಿತ್ತು. ಕತ್ತರಿಸಿದ ದಾರದ ತುದಿಯನ್ನು ಅದರದೇ ಟೊಳ್ಳಿನೊಳಗೆ ಒಂದು ಗೇಣು ತೂರಿಸಿ, ಮೇಲೆ ಹೊಲಿಗೆ ಹಾಕಬೇಕು. ಮೂರಕ್ಕೆ ಹಾಕಿದ್ದಳು. ನಾಲ್ಕನೆಯದು ಕೈಯಲ್ಲಿದ್ದಾಗಲೇ ಮಗಳು "ಒಂದ್ಸಲ" ಎಂದದ್ದು. ಹೊಲಿಗೆಯಿಲ್ಲದ ಕುಣಿಕೆ ಆಗಲೇ ಎರಡು ಬೆರಳಷ್ಟು ಜಾರಿತ್ತು. ಪೂರ್ತಿ ಕಳಚಿಕೊಳ್ಳುವುದು ನೀರಿನ ನಡುವೆ ಆಗಿದ್ದರೆ?

ಅವಳು ಕ್ಯಾನುಗಳನ್ನು ಇಳಿಸಿ ಸೂಜಿ ತಂದಳು.

ತುದಿಯನ್ನು ಮತ್ತೆ ತೂರಿಸಿ, ಹನ್ನೆರಡು ಹೊಲಿಗೆ ಹಾಕಿ, ಕ್ಯಾನು ತೂಗುಹಾಕಿದಳು. ಸದ್ದು ನಿಂತಿತು. ಸದ್ದಿಲ್ಲದ್ದನ್ನೂ ನಂಬಲಾಗದೆ ಕಂಬದ ಪಕ್ಕದಲ್ಲೇ ನಿಂತಿದ್ದಳು.

"ಯಾರೇ ಅದು, ಕಳ್ಳನಾ?" ಹಿತ್ತಿಲ ಬಾಗಿಲಲ್ಲಿ ಅತ್ತೆ.

"ನಾನೇ ಅತ್ತೆ."

"ನಿನಗಿಂತ ಕಳ್ಳನೇ ವಾಸಿ. ಬೇಕಾದ್ದು ತಗೊಂಡು ಹೋಗ್ತಾನೆ, ಉಳಿದವರು ಮಲಗಬಹುದು."

ಸೊಸೆ ಎಲ್ಲವನ್ನೂ ಹೇಳಿದಳು. ಅತ್ತೆ ನಗಲಿಲ್ಲ. ದಾರವನ್ನು ಸವರಿ ನೋಡಿದರು. "ಈಗ ಸರಿಯಾಗಿದೆಯಲ್ಲ?"

"ಕ್ಯಾನಿಗೆ ಸರಿಯಾಗಿದೆ. ಗಾಳಿಗೆ ಹೇಗೋ."

"ಹಾಗಾದ್ರೆ ಗಾಳಿನೇ ಕೇಳು. ನಡಿ, ಪಟ ನಾನು ಹಿಡ್ಕೋತೀನಿ. ಮೊಮ್ಮಗಳಿಗೆ ಹಿಡ್ಕೊಂಡಿಲ್ವಾ ಎಷ್ಟೋ ಸಲ?"

ಬೆಳಕು ಹರಿಯುವ ಹೊತ್ತಿಗೆ ದಡದಲ್ಲಿ ಅವರಿಬ್ಬರೇ. ಅಡ್ಡಕೋಲನ್ನು ಸಿಕ್ಕಿಸಿಕೊಳ್ಳುವ ಮಗಳ ಸೊಂಟಪಟ್ಟಿ ಬಿಗಿಯಾಯಿತೆಂದು ಎರಡು ತೂತು ಸಡಿಲಿಸಿ ಕಟ್ಟಿಕೊಂಡಳು. ಇಪ್ಪತ್ತು ಮೀಟರು ಆಚೆ, ತಲೆಗೆ ಶಾಲು ಸುತ್ತಿದ ಅತ್ತೆ ತಮಗಿಂತ ದೊಡ್ಡ ಪಟವನ್ನು ಹಸುವಿನ ಕೊರಳು ಹಿಡಿದಂತೆ ಹಿಡಿದಿದ್ದರು. "ಬಿಡ್ಲಾ?" ಎಂದು ಕೂಗಿದರು. ಉತ್ತರಕ್ಕೆ ಕಾಯದೆ ಬಿಟ್ಟರು.

ಪಟ ಎದ್ದಿತು. ಅಷ್ಟು ದೊಡ್ಡ ವಸ್ತು ಅಷ್ಟು ಮೆತ್ತಗೆ ಏಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನೆತ್ತಿಯ ಮೇಲೆ ಬಂದು ನಿಂತು, ಎಡಕ್ಕೂ ವಾಲದೆ ಬಲಕ್ಕೂ ವಾಲದೆ ಉಸಿರಾಡತೊಡಗಿತು. ಅಡ್ಡಕೋಲು ಮಟ್ಟವಾಗಿತ್ತು. ನಾಲ್ಕೂ ದಾರಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದವು. ಆ ನಾದ ಕೋಲಿನಿಂದ ಅಂಗೈಗೆ, ಅಂಗೈಯಿಂದ ಹಲ್ಲಿನವರೆಗೆ ಬಂತು. ಹದಿನಾರು ವರ್ಷ ಸತ್ತ ದಾರಗಳನ್ನೇ ಮುಟ್ಟಿದ್ದೆ ಅನ್ನಿಸಿತು.

ಪರೀಕ್ಷೆ ಮುಗಿದಿತ್ತು. ಇಳಿಸಬೇಕಿತ್ತು. ಇನ್ನೊಂದು ನಿಮಿಷ, ಎಂದುಕೊಂಡಳು.

ಆಗ ಗಾಳಿ ಜೋರಾಯಿತು. ಹೆದರಿ ಕೋಲನ್ನು ಎದೆಗೆಳೆದುಕೊಂಡಳು. ಹೊಸಬರೆಲ್ಲ ಮಾಡುವ ತಪ್ಪು; ಕೋಲು ಹತ್ತಿರ ಬಂದಷ್ಟೂ ಎಳೆತ ಹೆಚ್ಚು. ಮೊದಲು ಹಿಮ್ಮಡಿ ಹಗುರಾಯಿತು, ಆಮೇಲೆ ಬೆರಳುಗಳು. ಕೆಳಗೆ ನೋಡಿದಳು: ಅವಳ ಪಾದಗಳೂ ಮರಳಿನಲ್ಲಿ ಅವುಗಳ ಗುರುತುಗಳೂ ಬೇರೆಬೇರೆಯಾಗಿದ್ದವು, ನಡುವೆ ಒಂದು ಗೇಣು ಬೆಳಕು. ಸಮುದ್ರ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಕಾಣಿಸಿತು. ಭಯ ಎಲ್ಲಿದೆ ಎಂದು ಹುಡುಕಿದಳು, ಸಿಗಲಿಲ್ಲ. ಎಣಿಸಿದ್ದರೆ ಮೂರರವರೆಗೆ ಆಗುತ್ತಿತ್ತೇನೋ. ಎಲ್ಲವನ್ನೂ ಎಣಿಸುವವಳು ಅದನ್ನು ಎಣಿಸಲಿಲ್ಲ.

ಗಿರಾಕಿಗಳಿಗೆ ಸಾವಿರ ಸಲ ಹೇಳಿದ್ದ ಮಾತು ಆಮೇಲೆ ನೆನಪಾಯಿತು. ಕೋಲನ್ನು ಮುಂದಕ್ಕೆ ದೂಡಿದಳು. ಎಳೆತ ಸತ್ತಿತು. ಮೊಣಕಾಲೂರಿ ಮರಳಿಗೆ ಬಂದಳು.

ಅತ್ತೆ ಏದುಸಿರು ಬಿಡುತ್ತ ಬಂದು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ನಾನೇನೂ ನೋಡಿಲ್ಲ ಕಣೇ," ಎಂದರು. "ನನ್ನ ಕಣ್ಣು ಮಂಜು, ನಿಂಗೊತ್ತಲ್ಲ."

ಮನೆಯಲ್ಲಿ ಮಗಳು ಕಣ್ಣುಜ್ಜುತ್ತ ಚಹಾದ ಮುಂದೆ ಕೂತಿದ್ದಳು. ಅಮ್ಮ ಮೊದಲು ಅದನ್ನೇ ಹೇಳಿದಳು: "ಒಂದು ದಾರಕ್ಕೆ ಹೊಲಿಗೆ ಹಾಕೋದು ಮರೆತಿದ್ದೆ. ತಪ್ಪು ನಂದೇ. ರಾತ್ರಿ ಹಾಕಿದೆ. ಈಗ ನಾಲ್ಕೂ ಸಮ ಇವೆ."

ಮಗಳು ಲೋಟ ಕೆಳಗಿಟ್ಟಳು. "ಗ್ಯಾರಂಟಿನಾ?"

"ಗ್ಯಾರಂಟಿ."

ಆ ಪದ ಅಮ್ಮನ ಬಾಯಿಂದ ಮಗಳು ಕೇಳಿದ್ದು ಅದೇ ಮೊದಲು. ಎದ್ದು ಮೂಲೆಯಲ್ಲಿದ್ದ ಸೊಂಟಪಟ್ಟಿ ಎತ್ತಿಕೊಂಡಳು. "ಇದನ್ಯಾರು ಇಷ್ಟು ಸಡಿಲ ಮಾಡಿದ್ದು?"

"ಇಲಿ ಇರಬೇಕು," ಅತ್ತೆ ಚಹಾ ಊದುತ್ತ ಅಂದರು.

ಹೇಳಿಬಿಡೋಣವೆಂದು ಬಾಯಿ ತೆರೆದ ಅಮ್ಮ ಮುಚ್ಚಿಕೊಂಡಳು. ಇಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ. ಮೇಜಿನ ಕೆಳಗೆ ಚಪ್ಪಲಿಯಿಂದ ಪಾದ ಹೊರತೆಗೆದು, ಬೆರಳ ತುದಿಗಳನ್ನು ನೆಲಕ್ಕೊತ್ತಿ, ಮೆಲ್ಲಗೆ ಹಿಮ್ಮಡಿ ಎತ್ತಿದಳು. ಅಂಟಿದ್ದ ಮರಳು ಒಂದೊಂದೇ ಕಾಳಾಗಿ ಉದುರಿತು.