ನೆಂಟರು ಹೊರಗಿರಲಿ

ಫ್ಯಾನು ಮತ್ತೆ ಕಿರ್‍ರೆನ್ನುತ್ತಿದೆ, ಎಣ್ಣೆ ಬಿಡಿಸಿ ಅಂತ ಇವಳು ಬಡಕೊಂಡಿದ್ದಳಲ್ಲ, ಈ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಸದಸ್ಯೆ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಅಧ್ಯಕ್ಷರು ಮಾತ್ರ ಖುಷಿಯಾಗಿದ್ದಾರೆ, ಮಗುವನ್ನು ಕಳಿಸಿಕೊಡುವ ಆದೇಶಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ಆಗಲೇ ತೆಗೆದಾಯಿತು, ನೋಡಿ ಟೀಚರಮ್ಮ, ಹೆತ್ತವಳು ಹೋದ್ರೂ ದೊಡ್ಡಮ್ಮ ಇದ್ದಾಳೆ, ಹೋಗ್ತೀನಿ ಅಂತ ಮಗೂನೇ ಬಾಯಿಬಿಟ್ಟು ಹೇಳ್ತು, ಇನ್ನೇನು ಬೇಕು — ಹೌದು, ಹೇಳಿತು, ಹೋಗ್ತೀನಿ, ದೊಡ್ಡಮ್ಮ ಚೆನ್ನಾಗಿ ನೋಡ್ಕೋತಾರೆ, ಒಂದೇ ಉಸಿರಿಗೆ, ಪಾಠ ಒಪ್ಪಿಸಿದ ಹಾಗೆ, ಬಸ್‌ಸ್ಟ್ಯಾಂಡಿನ ಬೆಂಚಿನಡಿ ಮುದುಡಿಕೊಂಡು ಸಿಕ್ಕಿದ ಹುಡುಗಿ, ದೊಡ್ಡಮ್ಮನ ಮನೆಯಿಂದ ಯಾಕೆ ಓಡಿ ಬಂದೆ ಪುಟ್ಟಿ ಅಂದರೆ ಮಾತ್ರ ತುಟಿ ಹೊಲಿದುಕೊಂಡಳು. ಆದರೆ ಎಲ್ಲ ಪದ್ಧತಿ ಪ್ರಕಾರವೇ ಆಯಿತಲ್ಲ, ಮಗುವನ್ನು ಕೇಳುವಾಗ ನೆಂಟರು ಹೊರಗಿರಬೇಕು ಅಂತ ಹಟ ಹಿಡಿದು ಆ ಪದ್ಧತಿ ತಂದವಳೇ ಇವಳು, ದೊಡ್ಡಮ್ಮನನ್ನು ನಯವಾಗಿ ಎಬ್ಬಿಸಿ ಕಳಿಸಿದ್ದು, ಬಾಗಿಲು ಹಾಕಿದ್ದು, ಎಲ್ಲ ಇವಳೇ, ಮತ್ತೆ ಎಲ್ಲಿ ತಪ್ಪಿತು — ಪುಟ್ಟಿ ಉತ್ತರ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ, ನಾಚಿಕೆ ಅಂದುಕೊಂಡಳು ಇವಳು, ನೆಲ ನೋಡುತ್ತಿದ್ದಾಳೆ ಅಂದುಕೊಂಡಳು, ನೆಲವಲ್ಲ, ಬಾಗಿಲು, ಬಾಗಿಲಿನ ಅಡಿ, ನೆಲ ಉಜ್ಜುತ್ತೆ ಅಂತ ಬಡಗಿಯನ್ನು ಕರೆಸಿದರೆ ಆ ಪುಣ್ಯಾತ್ಮ ಅಂಗೈಯಗಲ ಕೊಯ್ದು ಹೋದ, ಆ ಸಂದಿನಲ್ಲಿ ಬೆಳಕು, ಬೆಳಕಿನಲ್ಲಿ ಎರಡು ಪಾದ, ಬೆರಳು ಈ ಕಡೆಗೆ.

ಸುಖವಾಗಿದ್ದೀಯೇನಮ್ಮ ಅಂತ ಇವಳನ್ನೂ ಒಮ್ಮೆ ಅಪ್ಪ ಕೇಳಿದ್ದರು, ಮದುವೆಯಾದ ಹೊಸತು, ಪರದೆಯ ಹಿಂದೆ ಅತ್ತೆಯ ಬಳೆ ಸದ್ದು, ಸುಖವಾಗಿದ್ದೀನಪ್ಪ ಅಂದಳು, ಅಪ್ಪ ನಂಬಿಕೊಂಡು ಬಸ್ಸು ಹತ್ತಿದರು, ಪಾಪ, ನಂಬದೆ ಏನು ಮಾಡಿಯಾರು — ಅಯ್ಯೋ, ಬಡಗಿ ಬಂದುಹೋದ ಮೇಲೆ ಈ ಕುರ್ಚಿಯಲ್ಲಿ ಕೂತು ಹೋಗ್ತೀನಿ ಅಂದ ಮಕ್ಕಳೆಷ್ಟು, ಪೆನ್ನು ಕಾಗದಕ್ಕೆ ಇಳಿಯುತ್ತಿದೆ, ಸಾರ್, ಸಹಿ ಬೇಡ, ಏನು ಟೀಚರಮ್ಮ, ಮೊಸರಲ್ಲಿ ಕಲ್ಲು ಹುಡುಕ್ತೀರಲ್ಲ, ಹುಡುಕುತ್ತೇನೆ, ಹಲ್ಲು ಮುರಿಯುವುದು ನಿಮ್ಮದಲ್ಲವಲ್ಲ, ತನ್ನ ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಬೆನ್ನು ಹಾಕಿ ಕೂತಳು, ದನಿ ಇವಳಿಗೇ ಗೊತ್ತಿಲ್ಲದೆ ಏರಿತು, ಮಗು ಇವತ್ತು ಎಲ್ಲೂ ಹೋಗಲ್ಲ, ನಮ್ಮ ಹತ್ತಿರಾನೇ ಇರುತ್ತೆ, ಕೇಳಿಸ್ತಾ ಪುಟ್ಟಿ. ಕೇಳಿಸಿತು, ಹೊರಗೂ ಕೇಳಿಸಿರಬೇಕು, ಪುಟ್ಟಿಯ ಮುಖ ಅರಳಬೇಕಿತ್ತು, ಅರಳಲಿಲ್ಲ, ಮೆಲ್ಲನೆ ಪಕ್ಕಕ್ಕೆ ಬಾಗಿ, ಇವಳ ಸೊಂಟದ ಆಚೆ, ಕೆಳಗೆ ಇಣುಕಿದಳು, ಇವಳೂ ತಿರುಗಿದಳು, ಪಾದಗಳು ಹೋಗಿಲ್ಲ, ಇನ್ನಷ್ಟು ಮುಂದೆ ಬಂದಿವೆ, ಬಾಗಿಲಿನ ಅಡಿಯ ಸಂದಿನಿಂದ ಈಚೆಗೆ, ಎರಡು ಹೆಬ್ಬೆರಳು, ಎರಡು ಹೆಬ್ಬೆರಳು