ಮರಗಟ್ಟಿದ ಕಾಲಿಗೆ ಉಂಗುರ

ಹೊಳಲಿನ ಬೆಳ್ಳಮ್ಮ ಗದ್ದೆಯ ಬದುವಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಮಂಡಿಚಿಪ್ಪು ಒಡೆದುಕೊಂಡಳು. ಎಪ್ಪತ್ತೆಂಟನೇ ಇಸವಿಯ ಮಾತು. ಮಂಡ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಪಾರ್ಥಸಾರಥಿ ಚಿಪ್ಪಿನ ಚೂರುಗಳನ್ನು ತಂತಿಯಿಂದ ಬಿಗಿದು ಕೂಡಿಸಿದರು. ಅದಕ್ಕೂ ಮುಂಚೆ ತೊಡೆಯ ಸಂದಿಗೊಂದು, ಹಿಂಭಾಗಕ್ಕೊಂದು ಸೂಜಿ ಚುಚ್ಚಿ ಕಾಲಿನ ನರಗಳನ್ನೇ ಮರಗಟ್ಟಿಸಿದ್ದರು. ಹೀಗೆ ಮಾಡಿದರೆ ಆಪರೇಷನ್ ಮುಗಿದ ಮೇಲೂ ಸಂಜೆಯವರೆಗೆ ನೋವು ತಿಳಿಯುವುದಿಲ್ಲ ಎಂದು ಗಂಡ ಶಿವಯ್ಯನಿಗೆ ಹೇಳಿಯೂ ಇದ್ದರು. ಶಿವಯ್ಯ ತಲೆಯಾಡಿಸಿದ್ದ. ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವನ ಪ್ರಕಾರ ಮರ್ಯಾದೆ, ಅರ್ಥವಾಗಲೇಬೇಕೆಂದೇನೂ ಇರಲಿಲ್ಲ.

ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಆಪರೇಷನ್‌ಗೆ ಮುಂಚೆ ನರ್ಸ್ ಸರಸಮ್ಮ ಆ ಕಾಲಿನ ಬೆಳ್ಳಿ ಕಾಲುಂಗುರ ಬಿಚ್ಚಿ ಅವನ ಅಂಗೈಗೆ ಹಾಕಿದ್ದಳು. ಗಂಡ ಬದುಕಿರುವಾಗಲೇ ಹೆಂಡತಿಯ ಕಾಲುಂಗುರ ಬಿಚ್ಚುವುದೆಂದರೇನು? ತಾನು ಇದ್ದೇನೋ ಇಲ್ಲವೋ ಎಂದು ಅವನಿಗೇ ಅನುಮಾನ ಬಂದಿತ್ತು.

ಮಧ್ಯಾಹ್ನ ಬೆಳ್ಳಮ್ಮನನ್ನು ವಾರ್ಡಿಗೆ ತಂದು ಮಲಗಿಸಿದರು. ಎಚ್ಚರವಾಗಿಯೇ ಇದ್ದಳು. ಮಡಚಿದ ಕಾಲನ್ನು ಕೆಳಗಿಳಿಸು ಎಂದು ಗಂಡನಿಗೆ ಹೇಳಿದಳು. ಕಾಲು ನೋಡಿದರೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲೆ ನೆಟ್ಟಗೆ ಬಿದ್ದಿತ್ತು. ನೆಟ್ಟಗೇ ಇದೆ ಎಂದರೆ ಅವಳು ನಂಬಲಿಲ್ಲ. ತಲೆಯೆತ್ತಿ ನೋಡಿದಳು, ಗಲಿಬಿಲಿಯಾಗಿ ಮತ್ತೆ ಮಲಗಿದಳು.

"ನನ್ ಕಾಲು ಮ್ಯಾಲೆ ಮಡಚ್ಕೊಂಡದೆ ಕಣಯ್ಯ. ಅಲ್ಲಿ ಬಿದ್ದಿರದು ಯಾರ್ದು?"

ಶಿವಯ್ಯ ಪಾದ ಚಿವುಟಿದ. ಅವಳಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ಚಿವುಟಿದ. ಅವಳು ಕಮಕ್ ಕಿಮಕ್ ಅನ್ನಲಿಲ್ಲ. ಕಾಲು ಸತ್ತೇ ಹೋಯಿತೆಂದುಕೊಂಡ. ನಾಟಿಗೆ ಇಳಿದರೆ ಎಲ್ಲರಿಗಿಂತ ಮುಂದಿರುತ್ತಿದ್ದವಳು ಇನ್ನು ಮೂಲೆಯಲ್ಲಿ ಕೂರಬೇಕೇ? ಸರಸಮ್ಮನನ್ನು ಕೇಳಿದ. ಅವಳು ಸಂಜೆಗೆ ಸರಿಹೋಗುತ್ತದೆ ಎಂದು ಹೇಳಿ ಹೊರಟುಹೋದಳು.

ಕೂತು ಲೆಕ್ಕಾಚಾರ ಹಾಕಿದ. ಉಂಗುರವಿದ್ದಾಗಲೇ ಮಂಡಿ ಒಡೆದದ್ದು ನಿಜ. ಆದರೆ ಆಗ ನೋವಾದರೂ ಇತ್ತು, ಕಾಲು ಅವಳದೇ ಆಗಿತ್ತು. ಉಂಗುರ ಬಿಚ್ಚಿದ ಮೇಲೆ ಎರಡೂ ಇಲ್ಲ. ಪಕ್ಕದ ಮಂಚದ ಸೋಮಮ್ಮನ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು, ಊದಿದ್ದ ಬೆರಳಿಗೆ ಸವರಿ, ಬಲವೆಲ್ಲ ಹಾಕಿ ಉಂಗುರ ತೂರಿಸಿದ. ಬೆಳ್ಳಮ್ಮ ಸುಮ್ಮನೆ ಸೂರು ನೋಡುತ್ತಿದ್ದಳು. ಅವನಿಗೆ ಸಮಾಧಾನವಾಯಿತು.

ಹೊತ್ತಿಳಿಯುವಾಗ ನೋಡಿದರೆ ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸಾವು ಬೆರಳಿನಿಂದ ಶುರುವಾಗಿದೆ ಎಂದುಕೊಂಡು ಶಿವಯ್ಯ ಡಾಕ್ಟರ ಕೋಣೆಗೆ ಓಡಿದ. ಪಾರ್ಥಸಾರಥಿ ಬಂದು ನೋಡಿ, ತಂತಿ ಕತ್ತರಿಸುವ ಇಕ್ಕಳದಿಂದ ಉಂಗುರ ತುಂಡರಿಸಿದರು. ಆಮೇಲೆ ಅವನತ್ತ ತಿರುಗಿದರು.

"ನೋವು ಗೊತ್ತಾಗಿದ್ರೆ ಆಕೆಯೇ ಕಿರುಚಿ ನಿನ್ನ ಕೈ ತಡೀತಿದ್ಲು. ಗೊತ್ತಾಗದಿರೋವಾಗ ಕಾಯಬೇಕಾದವನು ನೀನು. ಇನ್ನೂ ತಡವಾಗಿದ್ರೆ ಬೆರಳು ಕೊಳೀತಿತ್ತು."

ಶಿವಯ್ಯ ಈ ಸಲ ತಲೆಯಾಡಿಸಲಿಲ್ಲ. ಬೆರಳಿಗೆ ನಿಧಾನವಾಗಿ ಬಣ್ಣ ಮರಳಿತು. ಅದರ ಹಿಂದೆಯೇ ಮದ್ದಿನ ಬಲ ಇಳಿದು ನೋವೂ ಬಂತು, ಮೊದಲು ಬೆರಳಿಗೆ, ಆಮೇಲೆ ಮಂಡಿಗೆ. ಬೆಳ್ಳಮ್ಮ ಬಾಯಿ ಬಾಯಿ ಬಡಿದುಕೊಂಡಳು. ಶಿವಯ್ಯ ನಕ್ಕುಬಿಟ್ಟ, ಕಣ್ಣಲ್ಲಿ ನೀರು ಬೇರೆ. ಕಾಲು ಬದುಕಿತ್ತು. ಡಾಕ್ಟರು ಮತ್ತೆ ನರಕ್ಕೆ ಮರಗಟ್ಟಿಸುವ ಮದ್ದು ಕೊಡಲು ಸಿರಿಂಜು ತುಂಬಿಸಿದಾಗ ಮಾತ್ರ ಅಡ್ಡ ನಿಂತು ಕೈಮುಗಿದ.

"ಬ್ಯಾಡಿ ಸಾಮಿ. ಈಗ್ ತಾನೆ ಕಾಲು ಬಂದದೆ, ತಿರ್ಗ ಕಳಿಸ್ಬ್ಯಾಡಿ."

ಬೆಳ್ಳಮ್ಮ ಅಳು ನಿಲ್ಲಿಸಿ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು.

"ನೋವು ತಿಂತಿರೋಳು ನಾನು ಕಣಯ್ಯ. ಬ್ಯಾಡ ಅನ್ನಕ್ಕೆ ನೀನ್ಯಾರು? ಚುಚ್ಚಿ ಸಾಮಿ." ಆಮೇಲೆ ದನಿ ತಗ್ಗಿಸಿ ಅವನಿಗೆ ಹೇಳಿದಳು: "ಎದ್ರಿಕೆ ಆದ್ರೆ ನನ್ ಕೈ ಇಡ್ಕೊಂಡು ಕೂತ್ಕೊ. ಕಾಲು ಮುಟ್ಬ್ಯಾಡ."